ಜರಿಯ ಅಳತೆ

ಬೆಳಗಿನ ಐದೂವರೆಗೆ,
ಸೀಗೆಹಟ್ಟಿಯ ನಲ್ಲಿಗೆ ನೀರು ಬರುವ ಮೊದಲು,
ಬುಟ್ಟಿ ಎತ್ತಿ ಕೈ ತೂರಿಸುತ್ತೇನೆ.
ಈ ಕೆಲಸಕ್ಕೆ ಕಣ್ಣು ಬೇಡ.
ಕುತ್ತಿಗೆಯಿಂದ ಬೆರಳಿಳಿಸಿ, ಎದೆಯ ಬಲಕ್ಕೆ ನಿಲ್ಲಿಸಿ
ಕೇಳುತ್ತೇನೆ: ರಾತ್ರಿಯದು ಇಳೀತೇನೇ?

ಖಾಲಿಯಿದ್ದರೆ ಆ ಚೀಲ
ಒಗೆದು ಹಿಂಡಿದ ವಾಯಿಲ್ ಬಟ್ಟೆ.
ಗಟ್ಟಿಯಿದ್ದರೆ, ಸೆರಗಿನ ತುದಿಗೆ ಕಟ್ಟಿದ ಚಿಲ್ಲರೆಗಂಟು.
ಜುಳುಜುಳು ಅಂದರೆ ಮೂಗು ಹತ್ತಿರ ತರುತ್ತೇನೆ:
ಮೂರು ದಿನದ ದೋಸೆಹಿಟ್ಟಿನ ಹುಳಿ.
ಆ ವಾಸನೆ ಬಂದ ದಿನ ಅಂಗಡಿ ತೆರೆಯುವುದು ತಡ.
"ಬ್ಲೌಸ್ ಆಯ್ತಾ ದೇವೀರಕ್ಕ?" ಅಂದವರಿಗೆ
"ಕೋಳಿಗೆ ಹುಷಾರಿಲ್ಲ" ಅನ್ನುತ್ತೇನೆ.
ನಗುತ್ತಾರೆ. ನಗಲಿ.

ಜರಿ ಅಂತ ಹೆಸರಿಟ್ಟವಳು ನಾನೇ,
ಕತ್ತಿನ ಗರಿ ಬಿಸಿಲಿಗೆ ಸೀರೆಯಂಚಾಗುತ್ತದೆಂದು.
ಮರಿಯಾಗಿದ್ದಾಗಿಂದ ಮೆಷಿನ್ನಿನ ಪೆಡಲಿನ ಸುತ್ತಲೇ ಓಡಾಟ.
ಹೆಕ್ಕಿದ್ದೆಲ್ಲ ಅಕ್ಕಿನುಚ್ಚು ಅಂದುಕೊಂಡಿದ್ದೆ.

ಹೋದ ಯುಗಾದಿಗೆ ಎದೆಯಲ್ಲಿ ನಿಂಬೆಹಣ್ಣು,
ವಾರ ಕಳೆಯುವುದರಲ್ಲಿ ಮೂಸಂಬಿ.
ನೀವಿದೆ. ಎಣ್ಣೆ ಕುಡಿಸಿದೆ.
ಯಾರೋ ಹೇಳಿದರೆಂದು ತಲೆಕೆಳಗು ಹಿಡಿದೆ,
ಉಸಿರು ಕಟ್ಟಿ ಕಣ್ಣು ಮೇಲಾಯಿತು.
ಪಶು ಕಾಲೇಜಿನ ಡಾಕ್ಟರಮ್ಮ ಬೈದದ್ದು ಅದೊಂದಕ್ಕೇ.
ಆಮೇಲೆ ಗರಿ ಬಿಡಿಸಿ, ಚರ್ಮ ಕೊಯ್ದು, ಚೀಲ ಕೊಯ್ದು,
ಇಕ್ಕಳದಲ್ಲಿ ಎಳೆದರು,
ಗರಿಕೆ ಬಂತು. ಗರಿಕೆಯ ಬೆನ್ನಿಗೆ ನೂಲು.
ನೂಲು, ನೂಲು.

ಸ್ಟೀಲ್ ತಟ್ಟೆಯಲ್ಲಿ ಉಂಡೆ ಬಿಚ್ಚಿಕೊಂಡಿತು.
ನಾನು ಸರಾಗ ಓದಬಲ್ಲ ಅಕ್ಷರ ಅದೊಂದೇ.
ಗಿಳಿಹಸಿರು: ಸುಲೋಚನಳ ನಿಶ್ಚಿತಾರ್ಥ.
ಕುಂಕುಮಗೆಂಪು: ಬಸ್ ಡಿಪೋ ಮೇಡಂ, ಎರಡು ಸಲ ಬಿಚ್ಚಿ ಹೊಲಿದದ್ದು.
ಬಿಳಿ: ಯಾರದೋ ಕೂಸಿನ ಮೊದಲ ಅಂಗಿ,
ದುಡ್ಡು ಇನ್ನೂ ಬಂದಿಲ್ಲ.
ನನ್ನ ಒಂದು ವರ್ಷದ ದುಡಿಮೆ
ಒಂದು ಮುಷ್ಟಿ, ಹುಳಿತು, ಕೋಳಿಯ ಎದೆಯಲ್ಲಿ.

ಡಾಕ್ಟರಮ್ಮನ ಹೊಲಿಗೆ ಚೆನ್ನಾಗಿತ್ತು.
ತುಸು ದೂರ ದೂರ. ನಾನು ಹೇಳಲಿಲ್ಲ.
"ಗಾಯ ಮಾಯುತ್ತೆ, ಚೀಲ ಮಾತ್ರ ಹಿಗ್ಗಿಬಿಟ್ಟಿದೆ
ಹಳೇ ಎಲಾಸ್ಟಿಕ್ ಹಾಗೆ.
ಇನ್ನು ಇದು ವಾಸಿ ಮಾಡೋ ಕಾಯಿಲೆ ಅಲ್ಲ,
ನೋಡಿಕೊಳ್ಳೋ ಕಾಯಿಲೆ."
ಎಲಾಸ್ಟಿಕ್ ಅಂದದ್ದು ನನಗೆ ತಿಳಿಯಲೆಂದೇ ಇರಬೇಕು.

ಅಳತೆ ಪುಸ್ತಕದಲ್ಲಿ ಈಗ ಅವಳಿಗೂ ಒಂದು ಪುಟ:
ಜರಿ. ಎದೆಸುತ್ತು ಹದಿಮೂರು. ತೋಳಿಲ್ಲ.
ರೆಕ್ಕೆಯ ಸಂದಿಯಿಂದ ಅಡ್ಡ ಹಾಯುವ ಪಟ್ಟಿ,
ಬೆನ್ನ ಮೇಲೆ ಕೊಂಡಿ.
ಮೊದಲನೆಯದು ಬಿಗಿ, ಕೊಕ್ಕು ತೆರೆದು ನಿಂತುಬಿಟ್ಟಳು.
ಎರಡನೆಯದನ್ನು ಕಳಚಿ ಹುಂಜನ ಮುಂದೆಯೇ ಎಳೆದಾಡಿದಳು.
ಮೂರನೆಯದು ಕೂತಿತು: ಅಣ್ಣನ ಹಳೇ ಬನಿಯನ್,
ಅವನಿಗೆ ಹೇಳಿಲ್ಲ.
ಜೋತ ಚೀಲ ಒಂದಂಗುಲ ಮೇಲೆ ನಿಂತಿತು,
ತಿಂದದ್ದು ಕೆಳಗಿಳಿಯಲು ದಾರಿ ಸಿಕ್ಕಿತು.

ಇಡೀ ಜೋಳ ಇಲ್ಲ, ಉದ್ದ ಹುಲ್ಲು ಇಲ್ಲ.
ನೆನೆಸಿದ ಹಿಟ್ಟು, ಹಿಡಿಗಿಂತ ಕಡಿಮೆ, ನಾಲ್ಕು ಹೊತ್ತು.
ತೆಂಗಿನ ಚಿಪ್ಪಲ್ಲಿ ತುಂಗೆಯ ದಪ್ಪ ಮರಳು.
ರಾತ್ರಿ ಬಾಗಿಲು ಹಾಕಿದ ಮೇಲೆ
ಮೊಬೈಲ್ ಬೆಳಕಲ್ಲಿ ಮಂಡಿಯೂರಿ
ನೆಲದ ಒಂದೊಂದೇ ಎಳೆ ಹೆಕ್ಕುತ್ತೇನೆ,
ಕೋಳಿಯ ಹಾಗೆ.

ಮೊಟ್ಟೆ ನಿಂತು ಐದು ತಿಂಗಳು.
"ಸಾರಿಗಾದ್ರೂ ಆಗ್ತಿತ್ತು" ಅನ್ನುತ್ತಾನೆ ಎದುರುಮನೆ ಚೌಡಪ್ಪ,
ತನ್ನ ಸಕ್ಕರೆ ಮಾತ್ರೆಯನ್ನು ಚಹಾದಲ್ಲಿ ನುಂಗುತ್ತ.
"ನಿಂಗೆ ಎಷ್ಟು ವರ್ಷದಿಂದ ಚೌಡಣ್ಣ?" ಅಂದೆ.
"ಹನ್ನೆರಡು" ಅಂದ.
ಆಮೇಲೆ ಅವನು ಕೋಳಿಯ ವಿಷಯ ಎತ್ತಲಿಲ್ಲ.

ಇವತ್ತು ಸ್ವಲ್ಪ ಉಳಿದಿದೆ,
ಒಂದು ಅವರೆಕಾಳಿನಷ್ಟು. ಮೆತ್ತಗೇ ಇದೆ, ಹುಳಿಯಿಲ್ಲ.
ನಲ್ಲಿ ಕೆಮ್ಮಿತು. ಕೊಡ ಇಡಬೇಕು.
ಬೆರಳು ಇನ್ನೂ ಅಲ್ಲೇ ಇದೆ.