ಅಸೋಗಾದ ಕೆಳಗೆ

‘ಕಾಲು ಮುಂದ, ಮಾರಿ ಮುಗಿಲಿಗೆ.
ಈಸಬ್ಯಾಡ್ರೀ ಟೀಚರ್, ಸುಮ್ನ ಮಲಗ್ರಿ!’
ದಂಡೆಯಿಂದ ದಸ್ತಗೀರ ಕೂಗಿದ.

ರಾಮದುರ್ಗದ ಹೊಲದ ಬಾವಿಯಲ್ಲಿ
ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತವಳು ನಾನು.
ಆ ನೀರು ಕರೆದರೆ ಓಗೊಡುತ್ತಿತ್ತು.
ಈ ಮಲಪ್ರಭೆಗೆ ಪುರುಸೊತ್ತಿಲ್ಲ.

ಮೊದಲ ಬಂಡೆಗೆ ಕೈ ಬೀಸಿದೆ, ಎರಡನೆಯದಕ್ಕೂ.
ಮೊಣಕಾಲು ತರಚಿತು,
ಬಾಯಿ ತುಂಬ ಮಣ್ಣುರುಚಿಯ ನೊರೆ.
ಮೂರನೆಯದು ಬರುವಾಗ
ಇಪ್ಪತ್ತು ವರ್ಷ ಸೀಟಿ ಊದಿದ ಈ ಮೈ
ಮೊದಲ ಸಲ ಹೇಳಿದ ಮಾತು ಕೇಳಿತು.
ಮಲಗಿದೆ.
ಹಂಚಿನಿಂದ ರೊಟ್ಟಿ ಎತ್ತಿದಷ್ಟು ಸರಾಗ
ಪಕ್ಕಕ್ಕೆ ಸರಿಸಿತು ಹೊಳೆ.

ಕೆಳಗಿನ ಮಡುವಿನಲ್ಲಿ
ನನಗಿಂತ ಮೊದಲೇ ಬಂದು ಸುತ್ತುತ್ತಿತ್ತು ನನ್ನದೇ ಎಡಗಾಲಿನ ಬೂಟು.

ತಿರುಗಿ ನೋಡಿದೆ, ಕೆಮ್ಮುತ್ತಾ:
ನನ್ನ ನುಂಗಿದ ಅಲೆ ಕದಲದೆ ಅಲ್ಲೇ ನಿಂತಿದೆ,
ಅದೇ ಎತ್ತರ, ಅದೇ ಬಿಳುಪು.
ನೀರು ಮಾತ್ರ ಆಗಲೇ
ರಾಮದುರ್ಗದ ದಾರಿ ಹಿಡಿದಿದೆ.