ನಾರು

ಡರ್ಬನ್ನಿನ ಆಚೆ, ಚಾಟ್ಸ್‌ವರ್ತಿನ ಹಾಲಿಗೆ
ಶುಕ್ರವಾರ ಸಂಜೆ ಲಾರಿ ಹಿಮ್ಮುಖ ಬರುತ್ತದೆ.
ಇಳಿಸುತ್ತೇವೆ: ಬಾಡಿಗೆಯ ಕಂಬ ನಾಲ್ಕು,
ಥರ್ಮಾಕೋಲಿನ ಆನೆ ಎರಡು,
ಒಂದರ ಸೊಂಡಿಲು ಬಿರುಕು, ಗೋಡೆಗೆ ತಿರುಗಿಸಿದರೆ ಸರಿ,
ಬಕೆಟ್ಟಿನಲ್ಲಿ ಕುತ್ತಿಗೆಮಟ್ಟ ನಿಂತ
ಆರುನೂರು ಗುಲಾಬಿ.

ಮದುಮಗಳ ತಾಯಿ ಮಿಸೆಸ್ ಪೊನ್ನುಸಾಮಿ
ಫೋನು ಚಾಚಿ ತೋರಿಸಿದ್ದಳು: ಎಲ್ಲ ತಿಳಿಗೆಂಪು,
ಕೆನೆ, ಮಂಜಿನ ಬಿಳುಪು.
"ಚೆಂಡುಹೂ ಬೇಡ, ಕೋಗಿ. ಪೂಜೆಯ ವಾಸನೆ ಅದು.
ನಮ್ಮ ಹುಡುಗಿ ಡಾಕ್ಟರು."

ತಲೆಯಾಡಿಸಿದೆ. ತಲೆಯಾಡಿಸುವುದು ನಮ್ಮ ಕಸುಬಿನ ಅರ್ಧ.
ಉಳಿದರ್ಧ ತಂತಿ, ಅಂಟಿನ ಗನ್ನು,
ನೀರು ಹೀರಿ ಭಾರವಾಗುವ ಹಸಿರು ಫೋಮಿನ ಇಟ್ಟಿಗೆ.
ನನ್ನ ಬೆರಳಿಗೆ ಗೊತ್ತಿರುವುದು ಇಷ್ಟೇ.

ಮೂಲೆಯಲ್ಲಿ ಕಿತ್ತಳೆಯ ಖಾಲಿ ಪೆಟ್ಟಿಗೆ ಬೋರಲು ಹಾಕಿ
ನೊಕುಥುಲಾ ಕೂತಿದ್ದಾಳೆ.
ಬಾಳೆದಿಂಡಿನ ಪಟ್ಟೆ ಸುಲಿದು, ಉಗುರಲ್ಲಿ ಸೀಳಿ,
ಒಂದು ತುದಿ ಕಾಲ್ಬೆರಳಿಗೆ ಸಿಕ್ಕಿಸಿ
ಮಾವಿನೆಲೆ, ಮಲ್ಲಿಗೆ, ಮತ್ತೆ ಮಾವಿನೆಲೆ.
ಗಂಟಿಗೊಂದು ಎಣಿಕೆ: ಕುನ್ಯೆ, ಕುಬಿಲಿ, ಕುಥಾಥು,
ಜುಲು ಲೆಕ್ಕದಲ್ಲಿ ತೋರಣ ಬೆಳೆಯುತ್ತದೆ
ಬಾಗಿಲಿನುದ್ದ.

ಕಲಿಸಿದವಳು ನನ್ನಜ್ಜಿ, ಅಮ್ಮಾಕಣ್ಣು.
ಕಬ್ಬಿನ ಎಸ್ಟೇಟಿನ ಸಾಲುಮನೆಯಲ್ಲಿ ಹುಟ್ಟಿದವಳು,
ಊರೆಂದರೆ ಅವಳಿಗೂ ಅವಳಮ್ಮ ಹೇಳಿದ ಊರು.
ಹದಿನೇಳರ ನೊಕುಥುಲಾ ನೆಲ ಒರೆಸಲು ಬಂದಾಗ
ಅಜ್ಜಿಯ ಕಣ್ಣು ಮಂಜಾಗುತ್ತಿತ್ತು.
"ಇಲ್ಲಿ ಹಿಡಿ" ಎಂದಳಂತೆ.
ಹಿಡಿದದ್ದನ್ನು ಇವಳು ಬಿಟ್ಟಿಲ್ಲ.
ನಾನಾಗ ಟೈಪಿಂಗ್ ಕ್ಲಾಸಿನಲ್ಲಿದ್ದೆ.

ಈ ಸಲದ ಪುರೋಹಿತರು ಚೆನ್ನೈಯಿಂದ ಬಂದವರು.
ಮಂಟಪದ ಕಾಲಿಗೆ ಅರಿಸಿನದ ಕೊಂಬು ಕಟ್ಟಲು
ಏನೋ ಕೇಳಿದರು, ತಮಿಳಿನಲ್ಲಿ.
ಮತ್ತೊಮ್ಮೆ ಕೇಳಿದರು, ಕಿವುಡರಿಗೆ ಹೇಳುವಂತೆ.
ಪೊನ್ನುಸಾಮಿಗಳು ಪೊನ್ನುಸಾಮಿಗಳ ಮುಖ ನೋಡಿದರು.
ಯಾರೋ ಕತ್ತರಿ ಕೊಟ್ಟರು. ಯಾರೋ ನೀರು.
ನಾನು, ಅಮ್ಮಾಕಣ್ಣುವಿನ ಮೊಮ್ಮಗಳು,
ಸೆಲ್ಲೋಟೇಪು ಕೊಟ್ಟೆ.
ಮೂಲೆಯಿಂದ ನೊಕುಥುಲಾ, ತಲೆಯೆತ್ತದೆ:
"ವಾಳೈನಾರು ಕೇಳ್ತಿದ್ದಾರೆ"
ಎಂದು ಒಂದೆಳೆ ಸೀಳಿ ಚಾಚಿದಳು.

ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತು ಎನ್ನುವವರುಂಟು.
ಹೋಗಿರಬಹುದು.
ನಾನು ಕಂಡದ್ದು ಬೇರೆ: ಹೂವೆಲ್ಲ
ಕಡಲು ದಾಟಿದ ಮೇಲೆ ಒಂದೊಂದೇ ಉದುರಿದವು,
ಮಾತು, ಲಾಲಿ, ಊರಿನ ಹೆಸರು.
ನಾರೊಂದು ಉಳಿಯಿತು,
ಉಳಿದದ್ದೂ ನಮ್ಮ ಕೈಯಲ್ಲಲ್ಲ.

ಬಿಲ್ಲಿನಲ್ಲಿ ಗುಲಾಬಿಗೊಂದು ಸಾಲು, ಕಂಬಕ್ಕೆ, ಡೀಸೆಲ್ಲಿಗೆ,
ಆನೆಗಳಿಗೂ ಒಂದು.
ಗಂಟಿಗೆ ಸಾಲಿಲ್ಲ, ಮೂವತ್ತೈದು ವರ್ಷದಿಂದ.
ಭಾನುವಾರ ರಾತ್ರಿ ಬರೆಯಲು ಕೂತೆ.
ಎಷ್ಟೆಂದು ಬರೆಯಲಿ?
ಪೆನ್ನು ಮುಚ್ಚಿಟ್ಟೆ. ಮುಚ್ಚಿಡುವುದು ಸುಲಭ.

ಜುಲೈಯಲ್ಲಿ ಅವಳ ಮಗಳು ಥೋಬಿಲೆಯ ಮದುವೆ,
ಎನ್‌ಡ್ವೆಡ್ವೆಯ ಗುಡ್ಡದಲ್ಲಿ, ಗಂಡಿನ ಮನೆಯಂಗಳದಲ್ಲಿ.
"ಚಪ್ಪರ ನನ್ನದು, ಹೂವೂ ನನ್ನದು, ಬಿಟ್ಟಿ" ಎಂದೆ.
ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.
"ಅಲ್ಲಿ ಹೂವಿಟ್ಟರೆ ದನ ತಿಂದಾವು. ಕಂಬಳಿ ತಾ.
ಬಂದು ಕೂತುಕೋ.
ಏನನ್ನೂ ಕಟ್ಟಬೇಡ."

ಹೋದೆ. ಕೂತೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.
ಚಳಿಗಾಲದ ಬಿಸಿಲು. ಕೊಡುಗೆಯ ಚಾಪೆಗಳು
ಸುರುಳಿ ಸುರುಳಿಯಾಗಿ ಹೆಂಗಸರ ತಲೆಯ ಮೇಲೆ
ಗುಡ್ಡ ಏರಿ ಬಂದವು,
ಅತ್ತೆಗೊಂದು, ಮಾವನಿಗೊಂದು,
ತೀರಿಕೊಂಡ ಹಿರಿಯರಿಗೂ ಒಂದು.

ಒಂದು ಸುರುಳಿ ನನ್ನ ಮುಂದೆಯೇ ಇಳಿಯಿತು.
ಅದಕ್ಕೆ ಸುತ್ತಿದ ನಾರು, ನಾರಿನ ಗಂಟು:
ಎರಡು ಸುತ್ತು, ಕೆಳಗಿನಿಂದೊಂದು ಕುಣಿಕೆ,
ಹೆಬ್ಬೆರಳಿನ ಒತ್ತು.
ಅಜ್ಜಿಯ ಗಂಟು.
ಅಥವಾ ಅವಳಜ್ಜಿಯದೋ,
ನನ್ನಜ್ಜಿಗೆ ಬಂದದ್ದೇ ಅಲ್ಲಿಂದಲೋ,
ಕಬ್ಬಿನ ಹೊರೆ ಕಟ್ಟುವಾಗ.

ಕೇಳಲಿಲ್ಲ.
ನನ್ನ ಸರದಿ ಬಂತು, ಎದ್ದು ಕಂಬಳಿ ಕೊಟ್ಟೆ.
ಅದಕ್ಕೆ ನಾನು ಕಟ್ಟಿದ್ದ ತಿಳಿಗೆಂಪು ರಿಬ್ಬನ್ನು
ಆಗಲೇ ಸಡಿಲವಾಗಿತ್ತು.