ಇರುಸು

ಬ್ಯೂಟ್ ಊರಿನ ಏರಿನಲ್ಲಿ, ಸೌದೆ ಹೇರಿದ್ದಾಗ
ಟಕ್ ಅಂದಿತು. ಅಷ್ಟೇ.
ಎಂಜಿನ್ನು ಅರಚುತ್ತಿತ್ತು, ಪಿಕಪ್ಪು ನಿಂತಲ್ಲೇ.
ಹಿಂದೆ ಹಾರನ್ನುಗಳ ಸಾಲು.
ಇರುಸುಮುರುಸು ಎಂಬ ಮಾತು ಎಲ್ಲಿ ಹುಟ್ಟಿತೆಂದು
ನನಗಂದು ಖಾತ್ರಿಯಾಯಿತು.

"ಇಪ್ಪತ್ತೆಂಟೇ ಹಲ್ಲು, ಬುದ್ಧಿಹಲ್ಲು ಬಂದಿಲ್ಲ ಇದಕ್ಕೆ,
ಮೂವತ್ತೊಂದರದು ಹಾಕೋಣ" ಎಂದ ವರ್ಲಿನ್.
ಗುಜರಿಯಲ್ಲಿ ಒಂದು ಎಕ್ಸ್‌ಪ್ಲೋರರ್
ಮುಖ ಜಜ್ಜಿಸಿಕೊಂಡು ಬಿದ್ದಿತ್ತು;
ಬೆನ್ನಿಗೆ ಏನೂ ಆಗಿರಲಿಲ್ಲ.
ನೂರೆಂಬತ್ತು ಡಾಲರು. ಬೋಲ್ಟು ನಾವೇ ಬಿಚ್ಚಬೇಕು.

ಗೇರ್ ಆಯಿಲ್ಲಿನ ಕೊಳೆತ ಮೊಟ್ಟೆಯ ನಾತ
ಮೂರು ದಿನ ಉಂಡ ಅನ್ನದಲ್ಲೂ.
ಸ್ಪ್ರಿಂಗ್ ಪಟ್ಟಿ ಕೂರುವ ಪೀಠಗಳನ್ನು ಕೊಯ್ದು
ಬೇರೆ ಕಡೆ ಅವನು ವೆಲ್ಡ್ ಹಾಕಿದ.
ನಾನು ಗೋಡೆಗೆ ಮುಖ ಮಾಡಿ ನಿಂತೆ:
ಅಲ್ಲಿ ಅವನ ನೆರಳು
ಹುಟ್ಟಿ ಸತ್ತು, ಹುಟ್ಟಿ ಸತ್ತು.
ಕೊನೆಗೆ ನೋಡಿದರೆ ಬ್ರೇಕಿನ ಪೈಪು ಗೇಣುದ್ದ ಸಾಲದು.
ಮತ್ತೆ ಗುಜರಿಗೆ.

ಈಗ ಅದೇ ಏರು, ಅದೇ ಹೊರೆ.
ಇರುಸು ಮುರಿಯುವುದಿಲ್ಲ, ಗೊತ್ತು.
"ಹಾಗಾದರೆ ಇನ್ನು ಯಾವುದು?" ಎಂದೆ.
"ಮುರಿಯುವ ಜಾಗ
ಒಂದಡಿ ಮುಂದಕ್ಕೆ ಹೋಗಿದೆ, ಅಷ್ಟೇ" ಎನ್ನುತ್ತ
ವರ್ಲಿನ್ ರೇಡಿಯೋ ಆರಿಸಿದ.

ಎರಡನೇ ಗೇರಿಗೆ ಇಳಿಸಿದೆ.
ಇಬ್ಬರೂ ಬರೀ ಕಿವಿಯಾದೆವು.